ಹಳೇ ಕಾಂಟೆಸ್ಸಾಗೆ ಆಯಿಲ್ ಕ್ಯಾಚ್ ಕ್ಯಾನ್: ಬಳ್ಳಾರಿ ಧೂಳಿಗೆ ಯಾವುದು ಸರಿ, ಕೂರಿಸೋದು ಹೇಗೆ

ಕಾರ್ಬ್ಯುರೇಟರ್ ಮೇಲಿನ ಏರ್ ಫಿಲ್ಟರ್ ಮುಚ್ಚಳ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಕೆಂಪು ಗಿಲಾವು. ಬೆರಳಿಗೆ ತಗೊಂಡು ಉಜ್ಜಿದರೆ ನುಣ್ಣಗೆ, ಒಳಗೊಳಗೇ ಗರಗರ. ಇಂಜಿನ್ ಉಗುಳಿದ ಆಯಿಲಿಗೆ ಸಂಡೂರು ರಸ್ತೆಯ ಅದಿರು ಧೂಳು ಕೂಡಿ ಆದ ಮುದ್ದೆ ಅದು. ಉಗುಳಿದ ಆಯಿಲನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುವ ಡಬ್ಬಿ, ಅಂದರೆ ಕ್ಯಾಚ್ ಕ್ಯಾನ್, ಹಾಕಿಸಬೇಕು ಅಂತ ನನಗೆ ಅನ್ನಿಸಿದ್ದು ಅವತ್ತು. ಆಮೇಲೆ ಒಂದು ತಪ್ಪು ಡಬ್ಬಿ ಕೊಂಡೆ, ಸರಿಯಾದದ್ದನ್ನು ಉಲ್ಟಾ ಕೂರಿಸಿದೆ, ಮೂರನೇ ಸಲಕ್ಕೆ ದಾರಿಗೆ ಬಂತು. ನೀವು ಒಂದೇ ಸಲಕ್ಕೆ ಮುಗಿಸಲಿ ಅಂತ ಇಷ್ಟುದ್ದ ಬರೆದಿದ್ದೇನೆ.

ಮಸಲ್ ಕಾರ್ ಅಂದರೆ ಅಮೆರಿಕದವರಿಗೆ 1964ರ ಪಾಂಟಿಯಾಕ್ ಜಿಟಿಒ ಥರದ್ದು, 389 ಘನ ಇಂಚಿನ, ಎಂಟು ಸಿಲಿಂಡರಿನ ವಿ8 ಇಂಜಿನ್ನಿನ ಗಾಡಿ. ನಮ್ಮ ಕಡೆ ಆ ಹೆಸರು ಅಂಟಿಕೊಂಡಿರೋದು ಹಿಂದೂಸ್ತಾನ್ ಮೋಟರ್ಸಿನ ಕಾಂಟೆಸ್ಸಾಗೆ. 1984ರಲ್ಲಿ ಬಂತು, 2002ಕ್ಕೆ ನಿಂತಿತು. ಮೊದಲು ಬ್ರಿಟನ್ನಿನ ಬಿಎಂಸಿ ಕಂಪನಿಯ 1.5 ಲೀಟರಿನ ಹಳೇ ಇಂಜಿನ್, ಆಮೇಲೆ ಇಸುಜು 1.8. ಆನೆ ಗಾತ್ರದ ಬಾಡಿಗೆ ಆಡಿನ ಇಂಜಿನ್ ಅಂತ ನಗೋರು ನಗಲಿ. ವಿ8 ಇರಲಿ, ನಾಲ್ಕು ಸಿಲಿಂಡರ್ ಇರಲಿ, ಉಸಿರಾಟದ ಲೆಕ್ಕ ಒಂದೇ. ಆದ್ದರಿಂದ ಇಲ್ಲಿ ಹೇಳೋದು ಎರಡಕ್ಕೂ ಹೊಂದುತ್ತದೆ.

ಆಯಿಲ್ ಎಲ್ಲಿಂದ ಬರುತ್ತದೆ

ಎಷ್ಟೇ ಗಟ್ಟಿ ಇಂಜಿನ್ ಆದರೂ ಪಿಸ್ಟನ್ ರಿಂಗಿನ ಸಂದಿಯಿಂದ ಸ್ವಲ್ಪ ಉರಿದ ಗ್ಯಾಸು ಕೆಳಗೆ, ಕ್ರ್ಯಾಂಕ್ ತಿರುಗುವ ಆಯಿಲ್ ಕೋಣೆಯಾದ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಗ್ಯಾರೇಜಿನವರು ಇದಕ್ಕೆ ಬ್ಯಾಕ್ ಕಂಪ್ರೆಷನ್ ಅಂತಾರೆ. ಆ ಗ್ಯಾಸಿನಲ್ಲಿ ನೀರಾವಿ, ಪೆಟ್ರೋಲ್ ಆವಿ ಎರಡೂ ಇರುತ್ತವೆ. ಕ್ರ್ಯಾಂಕ್ ಸಿಡಿಸಿದ ಆಯಿಲಿನ ಮಂಜನ್ನೂ ಹೊತ್ತುಕೊಂಡು ಅದು ಹೊರಗೆ ಹೋಗಲು ದಾರಿ ಹುಡುಕುತ್ತದೆ. ಹಿಂದಿನ ಕಾಲದಲ್ಲಿ ಒಂದು ಪೈಪಿನ ಮೂಲಕ ಅದನ್ನು ನೆಲಕ್ಕೇ ಬಿಡುತ್ತಿದ್ದರು. ಹೊಗೆಯಿಂದ ಕಂಗೆಟ್ಟ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಆ ಗ್ಯಾಸನ್ನು ಮತ್ತೆ ಇಂಜಿನ್ನಿಗೇ ಕುಡಿಸುವ ಪಿಸಿವಿ ವಾಲ್ವ್ ಬಂತು.

ಡಬ್ಬಿಯ ಆಯ್ಕೆ ನಿಂತಿರೋದು ಈ ಮುಂದಿನ ಮಾತಿನ ಮೇಲೆ. ಇಂಜಿನ್ನಿನ ತಲೆ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನಿಂದ ಸಾಮಾನ್ಯವಾಗಿ ಎರಡು ಪೈಪು ಹೊರಡುತ್ತವೆ. ಒಂದು ಪಿಸಿವಿ ವಾಲ್ವಿನಿಂದ ಮ್ಯಾನಿಫೋಲ್ಡಿಗೆ (ಗಾಳಿ, ಪೆಟ್ರೋಲನ್ನು ಸಿಲಿಂಡರಿಗೆ ಒಯ್ಯುವ ಕೊಳವೆ), ಇನ್ನೊಂದು ಬ್ರೀದರ್ ಅನ್ನುವ ಉಸಿರಾಟದ ತೂತಿನಿಂದ ಏರ್ ಫಿಲ್ಟರಿಗೆ. ಗಾಡಿ ಐಡ್ಲಿಂಗಿನಲ್ಲಿ ಇದ್ದಾಗ, ಮೆಲ್ಲಗೆ ಓಡುವಾಗ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಪಿಸಿವಿ ಕಡೆಯಿಂದ ಗ್ಯಾಸ್ ಎಳೆಯುತ್ತದೆ. ಅದರ ಬದಲಿಗೆ ಬ್ರೀದರಿನಿಂದ ಶುದ್ಧ ಗಾಳಿ ಒಳಗೆ ಬರುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಲ್ಲ ತಲೆಕೆಳಗು. ವ್ಯಾಕ್ಯೂಮ್ ಸೊನ್ನೆಯ ಹತ್ತಿರ ಬರುತ್ತದೆ, ಅದೇ ಹೊತ್ತಿಗೆ ಬ್ಯಾಕ್ ಕಂಪ್ರೆಷನ್ ಏರುತ್ತದೆ. ಪಿಸಿವಿ ಸಾಲದೆ ಗ್ಯಾಸು ಬ್ರೀದರ್ ಪೈಪಿನಲ್ಲಿ ಹಿಂದಕ್ಕೆ ನುಗ್ಗಿ ಏರ್ ಫಿಲ್ಟರಿಗೆ ಬಂದು ಬೀಳುತ್ತದೆ. ಕುಡಿತಿನಿ ದಾಟಿದ ಮೇಲೆ ಟಿಪ್ಪರ್‌ಗಳನ್ನು ಓವರ್‌ಟೇಕ್ ಮಾಡುತ್ತಾ ತೋರಣಗಲ್ಲಿಗೆ ಹೋದ ದಿನವೇ ನನ್ನ ಫಿಲ್ಟರ್ ತೊಯ್ದಿರುತ್ತಿತ್ತು. ಊರೊಳಗೆ ಓಡಾಡಿದ ವಾರ ಒಣಗೇ ಇರುತ್ತಿತ್ತು.

ಹೆಜ್ಜೆ 1: ಡಬ್ಬಿ ನಿಜಕ್ಕೂ ಬೇಕಾ, ನೋಡಿ

ನಮ್ಮ ಉಸ್ತಾದ್ ಕೇಳಿದ ಮೊದಲ ಪ್ರಶ್ನೆ: "ಸರ, ಡಬ್ಬಿ ಹಾಕಿದ್ರ ಬೋರ್ ಸರಿ ಹೋಗ್ತದೇನ್ರಿ?" ಹೋಗಲ್ಲ. ಬೋರ್, ಅಂದರೆ ಪಿಸ್ಟನ್ ಓಡುವ ಸಿಲಿಂಡರಿನ ಒಳಗೋಡೆ, ರಿಂಗು ಸವೆದ ಇಂಜಿನ್ನಿಗೆ ಕ್ಯಾಚ್ ಕ್ಯಾನ್ ಹಾಕೋದು ಸೋರುವ ಮಾಳಿಗೆ ಕೆಳಗೆ ಬಕೆಟ್ ಇಟ್ಟಂಗೆ. ದುಡ್ಡು ಬಿಚ್ಚುವ ಮೊದಲು ಅರ್ಧ ದಿನ ಪರೀಕ್ಷೆಗೆ ಕೊಡಿ.

ಇಂಜಿನ್ ಬಿಸಿ ಇರುವಾಗ ಐಡ್ಲಿಂಗಿನಲ್ಲಿ ಬಿಟ್ಟು, ಬ್ರೀದರ್ ಪೈಪು ಮಡಚಿ ಹಿಡಿದು, ಆಯಿಲ್ ಹಾಕುವ ಬಾಯಿಯ ಮೇಲೆ ಒಂದು ಕಾಗದ ಇಡಿ. ಕಾಗದ ಒಳಕ್ಕೆ ಅಂಟಿಕೊಂಡರೆ ಪಿಸಿವಿ ಕೆಲಸ ಮಾಡುತ್ತಿದೆ, ರಿಂಗೂ ತಕ್ಕಮಟ್ಟಿಗೆ ಇದೆ. ಕಾಗದ ಪಟಪಟ ಹಾರಿದರೆ ಪಿಸಿವಿ ಕಟ್ಟಿರಬಹುದು, ಇಲ್ಲ ರಿಂಗು ಹೋಗಿರಬಹುದು. ಯಾವುದು ಅಂತ ತಿಳಿಯಲು ಪಿಸಿವಿ ವಾಲ್ವನ್ನು ಕವರಿನಿಂದ ಕಿತ್ತು ಬಾಯಿಗೆ ಹೆಬ್ಬೆರಳು ಇಡಿ: ಎಳೆತ ತಿಳಿಯಬೇಕು, ಇಂಜಿನ್ ಸದ್ದು ಸ್ವಲ್ಪ ತಗ್ಗಬೇಕು. ಆಫ್ ಮಾಡಿ ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನಬೇಕು. ಅನ್ನದಿದ್ದರೆ ವಾಲ್ವ್ ಬದಲಿಸಿ, ಸಮಸ್ಯೆ ಅಲ್ಲಿಗೇ ಮುಗಿದರೂ ಮುಗಿಯಿತು. ಹೊಸದು ಹಾಕುವಾಗ ನಿಮ್ಮ ಇಂಜಿನ್ನಿಗೇ ಹೇಳಿದ್ದನ್ನು ಹಾಕಿ. ಹೊರಗಿಂದ ಒಂದೇ ಥರ ಕಂಡರೂ ಒಳಗಿನ ಸ್ಪ್ರಿಂಗು ಇಂಜಿನ್ನಿಂದ ಇಂಜಿನ್ನಿಗೆ ಬೇರೆ.

ಆಮೇಲೆ ಕಂಪ್ರೆಷನ್ ಗೇಜ್. ಪ್ಲಗ್ಗು ಎಲ್ಲ ಬಿಚ್ಚಿ, ಇಗ್ನಿಷನ್ ಕಾಯಿಲಿನ ಕನೆಕ್ಷನ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರಿಗೂ ನಾಲ್ಕೈದು ಸುತ್ತು ತಿರುಗಿಸಿ ಓದಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ನೋಡಬೇಕು. ಅದು ಶೇಕಡಾ 10–15 ಮೀರಬಾರದು. ಕಮ್ಮಿ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಹಾಕಿ ಮತ್ತೆ ಓದಿ. ಅಂಕಿ ಜಿಗಿದರೆ ರಿಂಗಿನ ಕಥೆ, ಅಲ್ಲೇ ನಿಂತರೆ ಇಂಜಿನ್ ಹೆಡ್ಡಿನ ವಾಲ್ವಿನ ಕಥೆ. ರಿಂಗಿನ ಕಥೆ ಆದರೆ ಈ ಬರಹ ಇಲ್ಲಿಗೇ ಮುಚ್ಚಿ ಬೋರಿಂಗ್ ಅಂಗಡಿಗೆ ಹೋಗಿ.

ವಿ8 ಇದ್ದವರು ಇನ್ನೊಂದು ನೋಡಬೇಕು. ಅಂದಕ್ಕೆ ಅಂತ ಹೊಳೆಯುವ ಅಲ್ಯುಮಿನಿಯಂ ಟ್ಯಾಪೆಟ್ ಕವರ್ ಹಾಕಿಸಿದ್ದರೆ, ಪಿಸಿವಿ ತೂತಿನ ಕೆಳಗೆ ಆಯಿಲ್ ತಡೆಯುವ ತಗಡು ಇದೆಯೋ ಇಲ್ಲವೋ ನೋಡಿ. ಕಂಪನಿಯ ಕವರಿನಲ್ಲಿ ಇರುತ್ತದೆ, ಅಂದದ ಕವರಿನಲ್ಲಿ ಎಷ್ಟೋ ಸಲ ಇರಲ್ಲ. ಆಗ ವಾಲ್ವ್ ಒತ್ತುವ ರಾಕರ್ ಎರಚಿದ ಆಯಿಲ್ ಸೀದಾ ಪಿಸಿವಿ ಬಾಯಿಗೇ ಬೀಳುತ್ತದೆ. ಮೊದಲು ಆ ತಗಡು ಹಾಕಿಸಿ.

ಯೂಟ್ಯೂಬಿನಲ್ಲಿ ಸಿಲಿಂಡರಿನ ಇನ್‌ಟೇಕ್ ವಾಲ್ವಿನ ಮೇಲೆ ಕಲ್ಲಿದ್ದಲಿನಂತೆ ಕಟ್ಟಿದ ಕಾರ್ಬನ್ ತೋರಿಸಿ ಹೆದರಿಸುತ್ತಾರಲ್ಲ, ಅದು ಬಹಳಮಟ್ಟಿಗೆ ಈಗಿನ ಡೈರೆಕ್ಟ್ ಇಂಜೆಕ್ಷನ್ ಕಾರುಗಳ ಗೋಳು. ಅವುಗಳಲ್ಲಿ ಪೆಟ್ರೋಲ್ ವಾಲ್ವಿನ ಹಿಂಭಾಗವನ್ನು ಮುಟ್ಟುವುದೇ ಇಲ್ಲ. ನಮ್ಮ ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲು ಆ ದಾರಿಯಲ್ಲೇ ಹೋಗುವುದರಿಂದ ಅದನ್ನು ತೊಳೆಯುತ್ತಲೇ ಇರುತ್ತದೆ. ನಮಗೆ ಡಬ್ಬಿ ಬೇಕಾಗೋದು ಬೇರೆ ಕಾರಣಕ್ಕೆ: ತೊಯ್ದ ಫಿಲ್ಟರು, ಆಯಿಲ್ ಹಿಡಿದ ಪ್ಲಗ್ಗು, ನೀಲಿ ಹೊಗೆ. ಇನ್ನೊಂದು, ಪೆಟ್ರೋಲಿನ ಜೊತೆ ಆಯಿಲ್ ಉರಿದರೆ ಆಕ್ಟೇನ್, ಅಂದರೆ ಪೆಟ್ರೋಲಿನ ಬಡಿತ ತಡೆಯುವ ಗುಣ, ಇಳಿದು, ಏರುದಾರಿಯಲ್ಲಿ ಇಂಜಿನ್ ಟಣಟಣ ಬಡಿಯುತ್ತದೆ.

ಹೆಜ್ಜೆ 2: ಮುಚ್ಚಿದ ದಾರಿಯೋ, ತೆರೆದ ದಾರಿಯೋ

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ತಲೆಯ ಮೇಲೆ ಪುಟ್ಟ ಫಿಲ್ಟರ್ ಟೊಪ್ಪಿಗೆ ಇಟ್ಟು ಗ್ಯಾಸನ್ನು ಗಾಳಿಗೆ ಬಿಡುವುದು ಒಂದು. ಆಯಿಲ್ ಹಿಡಿದಿಟ್ಟುಕೊಂಡು ಗ್ಯಾಸನ್ನು ಇಂಜಿನ್ನಿಗೆ ವಾಪಸ್ ಕಳಿಸುವುದು ಇನ್ನೊಂದು. ಟೊಪ್ಪಿಗೆಯದ್ದು ನೋಡಲು ರೇಸ್ ಕಾರಿನ ಹಾಗಿರುತ್ತದೆ, ಹುಡುಗರು ಅದಕ್ಕೇ ಬೀಳುತ್ತಾರೆ.

ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಗಾಡಿ ಓಡಿಸುವವರು ಅದನ್ನು ಮುಟ್ಟಲೇಬೇಡಿ ಅನ್ನುತ್ತೇನೆ. ಪಿಸಿವಿ ಇರುವ ಇಂಜಿನ್ನಿನಲ್ಲಿ ಬ್ರೀದರ್ ಕಡೆ ಈ ಟೊಪ್ಪಿಗೆ ಹಾಕಿದರೆ, ಐಡ್ಲಿಂಗಿನಲ್ಲಿ ಕ್ರ್ಯಾಂಕ್‌ಕೇಸಿಗೆ ಎಳೆದುಕೊಳ್ಳುವ ಗಾಳಿಯೆಲ್ಲ ಆ ನಿಂಬೆಹಣ್ಣಿನಷ್ಟು ಫಿಲ್ಟರಿನಿಂದಲೇ ಬರಬೇಕು. ನಮ್ಮ ಗಾಳಿಯಲ್ಲಿ ತೇಲೋದು ಹೆಮಟೈಟ್ ಧೂಳು. ಕಬ್ಬಿಣದ ಆಕ್ಸೈಡಿನ ಇದೇ ಪುಡಿಯನ್ನು ರೂಜ್ ಅಂತ ಕರೆದು, ಗಾಜಿಗೂ ಚಿನ್ನಕ್ಕೂ ಪಾಲಿಶ್ ಕೊಡಲು ಬಳಸುತ್ತಾರೆ. ಆ ಪಾಲಿಶ್ ಪುಡಿ ಕ್ರ್ಯಾಂಕ್‌ಕೇಸಿನ ಆಯಿಲಿಗೆ ಬಿದ್ದರೆ ಬೇರಿಂಗು, ರಿಂಗು, ಬೋರು ಎಲ್ಲಕ್ಕೂ ಪಾಲಿಶ್. ಆಯಿಲ್ ಉಳಿಸಲು ಹಾಕಿದ ಡಬ್ಬಿಯೇ ಇಂಜಿನ್ ತಿನ್ನುತ್ತದೆ. ಅದರ ಮೇಲೆ ಕಾರಿನೊಳಗೆ ಸುಟ್ಟ ಆಯಿಲಿನ ವಾಸನೆ ಬೇರೆ.

ಟೊಪ್ಪಿಗೆ ಡಬ್ಬಿಯನ್ನು ಪಿಸಿವಿ ಪೈಪಿಗೆ ಸೇರಿಸಿದರೆ ಇನ್ನೂ ಕಷ್ಟ. ಲೆಕ್ಕವಿಲ್ಲದ ಗಾಳಿ ಸೀದಾ ಮ್ಯಾನಿಫೋಲ್ಡಿಗೆ ಹೋಗಿ ಮಿಕ್ಸ್ಚರ್ ಕೆಟ್ಟು, ಐಡ್ಲಿಂಗ್ ನಿಲ್ಲದೆ ಗಾಡಿ ನಡುಗುತ್ತದೆ. ಅದಕ್ಕೇ ಮುಚ್ಚಿದ ಡಬ್ಬಿಯನ್ನೇ ತನ್ನಿ.

ರೇಸಿನವರದು ಬೇರೆ ಲೆಕ್ಕ. ಕಾರ್ ರೇಸಿನ ಜಾಗತಿಕ ಸಂಸ್ಥೆಯಾದ ಎಫ್‌ಐಎ ನಿಯಮದಲ್ಲಿ ಎರಡು ಸಾವಿರ ಸಿಸಿವರೆಗೆ 2 ಲೀಟರ್, ಅದಕ್ಕೂ ಮೇಲಿನದಕ್ಕೆ 3 ಲೀಟರಿನ ಡಬ್ಬಿ ಕೇಳುತ್ತಾರೆ. ಟ್ರ್ಯಾಕಿನ ಮೇಲೆ ಆಯಿಲ್ ಚೆಲ್ಲಿ ಹಿಂದಿನವನು ಜಾರದಿರಲಿ ಅಂತ ಅದು. ಆ ಅಳತೆ ನೋಡಿ ರಸ್ತೆ ಗಾಡಿಗೆ ಕೊಡಪಾನ ಕಟ್ಟಬೇಡಿ.

ಹೆಜ್ಜೆ 3: ಯಾವ ಕಡೆಗೆ

ಏರ್ ಫಿಲ್ಟರಿನಲ್ಲಿ ಆಯಿಲ್ ಇದ್ದರೆ ಬ್ರೀದರ್ ಪೈಪಿಗೆ. ಫಿಲ್ಟರು ಒಣಗಿದ್ದು, ಪಿಸಿವಿ ಪೈಪಿನ ಒಳಗೆ ಬೆರಳಿಟ್ಟರೆ ಜಿಡ್ಡು, ಪ್ಲಗ್ಗು ಕಪ್ಪು ಇದ್ದರೆ ಪಿಸಿವಿ ಪೈಪಿಗೆ. ಎರಡೂ ಇದ್ದರೆ ಎರಡು ಡಬ್ಬಿ. ಒಂದೇ ಡಬ್ಬಿಗೆ ಎರಡೂ ಪೈಪು ತುರುಕುವ ಜಾಣತನ ಬೇಡ, ಗಾಳಿ ಕ್ರ್ಯಾಂಕ್‌ಕೇಸನ್ನು ತೊಳೆಯದೆ ಡಬ್ಬಿಯೊಳಗೇ ಅಡ್ಡದಾರಿ ಹಿಡಿಯುತ್ತದೆ.

ಪಿಸಿವಿ ಕಡೆ ಹಾಕುವಾಗ ವಾಲ್ವ್ ಅದರ ಜಾಗದಲ್ಲೇ ಇರಬೇಕು. ಕವರ್, ವಾಲ್ವ್, ಡಬ್ಬಿ, ಮ್ಯಾನಿಫೋಲ್ಡ್, ಈ ಕ್ರಮ. ವಾಲ್ವ್ ತೆಗೆದು ಅದರ ಬದಲು ಡಬ್ಬಿ ಹಾಕಿದವರನ್ನು ನೋಡಿದ್ದೇನೆ. ಬ್ಯಾಕ್‌ಫೈರ್ ಆದಾಗ ಬೆಂಕಿ ಕ್ರ್ಯಾಂಕ್‌ಕೇಸಿಗೆ ಹೋಗದಂತೆ ತಡೆಯುವುದೂ ಆ ವಾಲ್ವೇ.

ಹೆಜ್ಜೆ 4: ಡಬ್ಬಿಯ ಹೊಟ್ಟೆ ನೋಡಿ ಕೊಳ್ಳಿ

ನನ್ನ ಮೊದಲ ಡಬ್ಬಿ ಆನ್‌ಲೈನಿನಲ್ಲಿ ತರಿಸಿದ್ದು, ಎಂಟುನೂರು ರೂಪಾಯಿ. ನೀಲಿ ಬಣ್ಣ, ಕನ್ನಡಿಯಂತೆ ಹೊಳಪು. ತಿಂಗಳಾದರೂ ಒಳಗೆ ಒಂದು ಹನಿ ಇಲ್ಲ, ಏರ್ ಫಿಲ್ಟರು ಮಾತ್ರ ಎಂದಿನಂತೆ ಒದ್ದೆ. ಬಿಚ್ಚಿ ನೋಡಿದರೆ ಒಳಗೆ ಏನೂ ಇರಲಿಲ್ಲ, ಬರೀ ಟೊಳ್ಳು. ಎರಡು ತೂತೂ ಮುಚ್ಚಳದಲ್ಲೇ ಅಕ್ಕಪಕ್ಕ. ಗ್ಯಾಸು ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು, ಹೊಟ್ಟೆಯೊಳಗೆ ಇಳಿಯುತ್ತಲೇ ಇರಲಿಲ್ಲ.

ಸರಿಯಾದ ಡಬ್ಬಿ ಮೂರು ಕೆಲಸ ಮಾಡಬೇಕು. ಮೊದಲನೆಯದು ಗ್ಯಾಸಿನ ಓಟ ತಗ್ಗಿಸುವುದು. 10 ಮಿಲಿಮೀಟರ್ ಪೈಪಿನಿಂದ 75 ಮಿಲಿಮೀಟರ್ ಅಗಲದ ಡಬ್ಬಿಗೆ ಬಂದ ಗ್ಯಾಸಿನ ವೇಗ ಸುಮಾರು 56ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ದಪ್ಪ ಹನಿಗಳು ತಾವಾಗಿ ಉದುರುತ್ತವೆ. ಎರಡನೆಯದು ಸಣ್ಣ ಹನಿಗಳನ್ನು ಒಂದಕ್ಕೊಂದು ಕೂಡಿಸುವುದು. ಸಾರಿನ ಪಾತ್ರೆಯ ಮುಚ್ಚಳದ ಅಡಿಗೆ ಹಬೆ ಹನಿಗಟ್ಟುತ್ತದಲ್ಲ, ಅಂಥ ಮೈ ಡಬ್ಬಿಯೊಳಗೆ ಬಹಳ ಇರಬೇಕು, ಅದಕ್ಕೇ ಸ್ಟೀಲ್ ಜಾಲರಿ ತುಂಬಿರುತ್ತಾರೆ. ಮೂರನೆಯದು ಸಂಗ್ರಹವಾದ ಆಯಿಲ್ ಮತ್ತೆ ಗಾಳಿಗೆ ಏಳದಂತೆ ನಡುವೆ ತೂತಿನ ತಗಡೊಂದನ್ನು ಅಡ್ಡ ಇಡುವುದು. ಈ ಅಡ್ಡತಗಡನ್ನು ಬಹಳ ಜನ ಗಮನಿಸಲ್ಲ. ಅದಿಲ್ಲದಿದ್ದರೆ ಗುಂಡಿ ಬಿದ್ದ ರಸ್ತೆಯಲ್ಲಿ ಡಬ್ಬಿ ಕುಲುಕಿ ಆಯಿಲ್ ಸೀದಾ ಹೊರಪೈಪಿಗೆ ಹಾರುತ್ತದೆ. ನಮ್ಮ ರಸ್ತೆಗಳ ಬಗ್ಗೆ ಬೇರೆ ಹೇಳಬೇಕಿಲ್ಲ.

ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಬಹುದು. ಮುಚ್ಚಳ ಬಿಚ್ಚಿ ತೋರಿಸಲು ಕೇಳಿ. ಬಿಚ್ಚಲು ಬರದ ಡಬ್ಬಿ ತೊಳೆಯಲೂ ಬರಲ್ಲ, ಬಿಟ್ಟುಬಿಡಿ. ಒಳದಾರಿ ಉದ್ದ ಕೊಳವೆಯಾಗಿ ಕೆಳಗೆ ಇಳಿದಿದೆಯಾ, ಹೊರದಾರಿ ಜಾಲರಿಯ ಮೇಲಿಂದ ಹೊರಟಿದೆಯಾ ನೋಡಿ. ಬಾಯಿಂದ ಊದಿ: ಗಾಳಿ ಸಲೀಸಾಗಿ ಹೋಗಬೇಕು, ಉಸಿರು ಕಟ್ಟುವಂತಿದ್ದರೆ ಇಂಜಿನ್ನಿಗೂ ಕಟ್ಟುತ್ತದೆ. ಒಂದು ತೂತು ಹೆಬ್ಬೆರಳಿನಿಂದ ಮುಚ್ಚಿ ಇನ್ನೊಂದರಿಂದ ಎಳೆದರೆ ನಾಲಿಗೆ ಅಂಟಿಕೊಳ್ಳಬೇಕು, ಇಲ್ಲದಿದ್ದರೆ ಎಲ್ಲೋ ಸೋರಿಕೆ ಇದೆ. ಅಳತೆ ಕಾಂಟೆಸ್ಸಾಗೆ 300ರಿಂದ 500 ಮಿಲಿಲೀಟರ್ ಸಾಕು, ದೊಡ್ಡ ವಿ8ಗೆ 500ರಿಂದ ಒಂದು ಲೀಟರ್. ಕೆಳಗೆ ಡ್ರೈನ್ ಕಾಕ್ ಇರಲಿ. ಒಳಗೆ ಎಷ್ಟಿದೆ ಅಂತ ನೋಡಲು ಕಡ್ಡಿ ಇರಲಿ, ಹೊರಗೆ ಜೋತು ಬಿದ್ದ ಪ್ಲಾಸ್ಟಿಕ್ ನಳಿಗೆ ಬೇಡ. ಬಾನೆಟ್ ಕೆಳಗಿನ ಕಾವಿಗೆ ಅದು ಹಳದಿಯಾಗಿ ಬಿರಿಯುತ್ತದೆ.

ದುಡ್ಡು ಉಳಿಸೋರು ಏರ್ ಕಂಪ್ರೆಸರ್ ಲೈನಿನ ನೀರು ಹಿಡಿಯುವ ಫಿಲ್ಟರ್ ತಂದು ಹಾಕುತ್ತಾರೆ. ಕೆಲಸ ಮಾಡುತ್ತದೆ, ನಾನೇ ನೋಡಿದ್ದೇನೆ. ಆದರೆ ಲೋಹದ ಬಟ್ಟಲಿನದ್ದೇ ತನ್ನಿ. ಪಾರದರ್ಶಕ ಪಾಲಿಕಾರ್ಬೊನೇಟ್ ಬಟ್ಟಲು ಕಾವಿಗೂ ಪೆಟ್ರೋಲ್ ಆವಿಗೂ ಬಿರುಕು ಬಿಡುತ್ತದೆ. ತೂತು ಸಣ್ಣದಿರುವ ಕಾರಣ ಅದು ಪಿಸಿವಿ ಕಡೆಗೆ ಮಾತ್ರ, ಬ್ರೀದರಿಗೆ ಸಾಲದು.

ಟೊಳ್ಳು ಡಬ್ಬಿ ಆಗಲೇ ಕೊಂಡುಬಿಟ್ಟಿದ್ದರೆ ಬಿಸಾಡಬೇಡಿ. ಲೇತ್ ಅಂಗಡಿಯಲ್ಲಿ ಒಳಕೊಳವೆ, ಅಡ್ಡತಗಡು ಕೂರಿಸಿಕೊಡುತ್ತಾರೆ. ಜಾಲರಿಗೆ ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಕ್ರಬ್ಬರ್, ಅದೂ ದಪ್ಪ ಸುರುಳಿಯದು. ಕೂದಲಿನಂಥ ಕಬ್ಬಿಣದ ನಾರು ಖಂಡಿತ ಬೇಡ, ಅದು ತುಂಡಾಗಿ ಸೀದಾ ಸಿಲಿಂಡರಿಗೆ ಹೋಗುತ್ತದೆ. ಲೇತಿನಿಂದ ಬಂದ ಮೇಲೆ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಎರಡು ಸಲ ತೊಳೆದು ಒರೆಸಿ.

ಹೆಜ್ಜೆ 5: ಪೈಪು

ಡಬ್ಬಿಗೆ ಸಾವಿರಾರು ಸುರಿದು ಪೈಪಿಗೆ ಜಿಪುಣತನ ಮಾಡುವವರೇ ಜಾಸ್ತಿ. ತೋಟಕ್ಕೆ ನೀರು ಬಿಡುವ ಪೈಪು ಬಿಸಿಗೆ ಮೆತ್ತಗಾಗಿ ವ್ಯಾಕ್ಯೂಮಿಗೆ ಚಪ್ಪಟೆಯಾಗುತ್ತದೆ. ರೇಡಿಯೇಟರ್ ಪೈಪು ಆಯಿಲಿಗೆ ಉಬ್ಬುತ್ತದೆ. ಬಣ್ಣದ ಸಿಲಿಕಾನ್ ಪೈಪಿನ ಮೈಯಿಂದ ಆಯಿಲ್ ಬೆವರಿನಂತೆ ಜಿನುಗುತ್ತದೆ. ಬೇಕಾಗೋದು ಒಳಗೆ ನೂಲಿನ ಹೆಣಿಗೆ ಇರುವ ನೈಟ್ರೈಲ್ ರಬ್ಬರ್. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಫ್ಯೂಯಲ್ ದರ್ಜೆಯದ್ದನ್ನೇ ಕೇಳಿ ತಗೊಳ್ಳಿ. ನಮ್ಮೂರಲ್ಲಿ ಇದಕ್ಕೆ ಅಲೆಯಬೇಕಿಲ್ಲ. ಟಿಪ್ಪರು, ಜೆಸಿಬಿಗಳ ದಯೆಯಿಂದ ಹೈಡ್ರಾಲಿಕ್ ಹೋಸ್ ಅಂಗಡಿಗಳು ಬೇಕಾದಷ್ಟಿವೆ. ಅಳತೆ ಕೊಟ್ಟರೆ ಕ್ಲಿಪ್ಪಿನ ಸಮೇತ ಕತ್ತರಿಸಿ ಕೊಡುತ್ತಾರೆ.

ಪಿಸಿವಿ ಕಡೆ ಒಳಅಳತೆ ಸಾಮಾನ್ಯವಾಗಿ ಮೂರೆಂಟಾಂಶ ಇಂಚು, ಅಂದರೆ 10 ಮಿಲಿಮೀಟರಿನ ಆಸುಪಾಸು. ಬ್ರೀದರ್ ಕಡೆ 16ರಿಂದ 19 ಮಿಲಿಮೀಟರ್. ಕಂಪನಿ ಕೊಟ್ಟ ಪೈಪಿಗಿಂತ ಸಣ್ಣದನ್ನು ಎಲ್ಲೂ ಹಾಕಬೇಡಿ. ದಾರಿ ಇಕ್ಕಟ್ಟಾದರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿ, ಡಿಪ್‌ಸ್ಟಿಕ್ ಮೇಲೆದ್ದು ಬರುತ್ತದೆ, ಹಿಂದಿನ ಕ್ರ್ಯಾಂಕ್ ಸೀಲು ಸೋರಲು ಶುರುವಾಗುತ್ತದೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.

ಹೆಜ್ಜೆ 6: ಜಾಗ

ಏಪ್ರಿಲ್–ಮೇನಲ್ಲಿ ಇಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗಿನ ಕಾವು ಕೇಳಬೇಡಿ. ಡಬ್ಬಿ ಬಿಸಿಯಾದರೆ ಆವಿ ಆವಿಯಾಗೇ ಸಾಗಿಹೋಗುತ್ತದೆ. ಸೈಲೆನ್ಸರ್ ಮ್ಯಾನಿಫೋಲ್ಡಿನ ಎದುರು ಬದಿಯಲ್ಲಿ, ಗ್ರಿಲ್ಲಿನಿಂದ ಗಾಳಿ ಬೀಸುವ ಕಡೆ ಕೂರಿಸಿ. ಕಾಂಟೆಸ್ಸಾದ ಬಾನೆಟ್ಟಿನೊಳಗೆ ಜಾಗಕ್ಕೆ ಬರವಿಲ್ಲ. ಬ್ರಾಕೆಟ್ಟನ್ನು ಬಾಡಿಗೆ ಬಿಗಿಯಿರಿ, ಇಂಜಿನ್ನಿಗಲ್ಲ. ನಡುವೆ ರಬ್ಬರ್ ವಾಷರ್ ಇರಲಿ. ಎಳೆತಕ್ಕೆ ಇಂಜಿನ್ ಓಲಾಡುತ್ತದೆ, ವಿ8 ಅಂತೂ ಹೊರಳುತ್ತದೆ, ಪೈಪಿಗೆ ಅಷ್ಟು ಸಡಿಲು ಬಿಡಿ. ಆದರೆ ಜೋಕಾಲಿಯಂತೆ ಜೋತು ಬೀಳದಿರಲಿ, ಆ ತಗ್ಗಿನಲ್ಲಿ ಆಯಿಲ್ ನಿಂತು ಬಿರಡೆಯಾಗುತ್ತದೆ.

ಹೊಸ ತೂತು ಕೊರೆಯಬೇಡಿ, ಇರುವ ಬೋಲ್ಟಿಗೇ ಪಟ್ಟಿ ಹಾಕಿ. 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಾಗದ ಗಾಡಿಗೆ ಬೇರೆ ನೋಂದಣಿ ಇದೆ. ಮೊದಲ ಕಾಂಟೆಸ್ಸಾಗಳಿಗೆ 2034ರಲ್ಲಿ ಆ ಯೋಗ. ಡಬ್ಬಿ ಬಿಚ್ಚಿದರೆ ಗುರುತು ಉಳಿಯಬಾರದು.

ಹೆಜ್ಜೆ 7: ಜೋಡಿಸಿ, ನೋಡಿ

ಒಳದಾರಿ, ಹೊರದಾರಿ ಯಾವುದು ಅಂತ ಮಾರ್ಕರಿನಲ್ಲಿ ಬರೆದುಕೊಳ್ಳಿ. ನಾನು ಬರೆಯದೆ ಉಲ್ಟಾ ಸೇರಿಸಿದ್ದೆ. ಮೂರು ದಿನ ಚೆನ್ನಾಗಿಯೇ ಓಡಿತು. ಡಬ್ಬಿಯಲ್ಲಿ ಆಯಿಲ್ ಒಳಕೊಳವೆಯ ತುದಿ ಮುಟ್ಟಿದ ದಿನ ಸ್ಟ್ರಾ ಹಾಕಿ ಎಳನೀರು ಕುಡಿದಂತೆ ಅಷ್ಟನ್ನೂ ಎಳೆದುಕೊಂಡಿತು. ಹಿಂದೆ ಬರುತ್ತಿದ್ದ ಬೈಕಿನವನು ಪಕ್ಕಕ್ಕೆ ಬಂದು "ಅಣ್ಣಾ, ಗಾಡಿಗೆ ಬೆಂಕಿ ಬಿದ್ದೈತಿ ನೋಡ್ರಿ" ಅಂದ. ಬೆಂಕಿಯಲ್ಲ, ನೀಲಿ ಹೊಗೆ.

ಜೋಡಿಸಿದ ಮೇಲೆ ವ್ಯಾಕ್ಯೂಮ್ ಗೇಜ್ ಇಟ್ಟು ಹಿಂದಿನ ಅಂಕಿಗೆ ಹೋಲಿಸಿ. ಪುಸ್ತಕದಲ್ಲಿ ಐಡ್ಲಿಂಗಿಗೆ 17ರಿಂದ 21 ಇಂಚು (ಪಾದರಸದ ಅಳತೆ) ಅಂತ ಇರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು, ಬಳ್ಳಾರಿ ಇರೋದು 450 ಮೀಟರಿನ ಸುಮಾರಿಗೆ. ಒಂದೂವರೆ ಇಂಚು ಕಮ್ಮಿ ಬಂದರೆ ಗಾಬರಿ ಬೇಡ. ಹಿಂದಿನದಕ್ಕಿಂತ ಇಳಿದು ಮುಳ್ಳು ನಡುಗಿದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಕ್ಲಿಪ್ಪು ಬಿಗಿಯಿರಿ. ಕೊನೆಗೆ ಹೆಜ್ಜೆ 1ರ ಕಾಗದದ ಪರೀಕ್ಷೆ ಇನ್ನೊಮ್ಮೆ ಮಾಡಿ: ಈಗಲೂ ಕಾಗದ ಒಳಕ್ಕೇ ಎಳೆಯಬೇಕು.

ಹೆಜ್ಜೆ 8: ಖಾಲಿ ಮಾಡೋದು

ಮೊದಲ ಸಲ 200 ಕಿಲೋಮೀಟರಿಗೆ, ಆಮೇಲೆ 500ಕ್ಕೆ, ನಂತರ ಸಾವಿರಕ್ಕೊಮ್ಮೆ ತೆಗೆದು ನೋಡಿ. ಡಿಸೆಂಬರ್–ಜನವರಿಯಲ್ಲಿ ಮನೆಯಿಂದ ಮಾರ್ಕೆಟ್ಟಿಗೆ ಅಂತ ಚೂರುಪಾರು ಓಡಿಸಿದರೆ ಹಾಲುಬಿಳುಪಿನ ಕೆನೆಯಂಥದ್ದು ಬರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಆಯಿಲಿಗೆ ಸೇರಿತು ಅಂತ ಹೆದರಬೇಡಿ. ರೇಡಿಯೇಟರ್ ನೀರು ಕಮ್ಮಿಯಾಗದೆ, ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧ ಇದ್ದರೆ ಅದು ಬರೀ ನೀರಾವಿ. ಬೇಸಿಗೆಯಲ್ಲಿ ಕಡುಕಪ್ಪು, ಪೆಟ್ರೋಲ್ ವಾಸನೆಯ ತೆಳು ಆಯಿಲ್ ಬರುತ್ತದೆ. ಸಾವಿರ ಕಿಲೋಮೀಟರಿಗೆ ಅರ್ಧ ಟೀ ಲೋಟ ದಾಟಿದರೆ ನಾನು ಕಂಪ್ರೆಷನ್ ಗೇಜ್ ಮತ್ತೆ ಹೊರತೆಗೆಯುತ್ತೇನೆ.

ಬಂದದ್ದನ್ನು ಇಂಜಿನ್ನಿಗೆ ವಾಪಸ್ ಸುರಿಯಬೇಡಿ, ಅದರಲ್ಲಿ ನೀರು, ಆಮ್ಲ, ಪೆಟ್ರೋಲ್ ಎಲ್ಲ ಇದೆ. ನಮ್ಮ ಕಡೆ ಸುಟ್ಟ ಆಯಿಲನ್ನು ಗೆದ್ದಲಿಗೆ ಅಂತ ಬಾಗಿಲು ಚೌಕಟ್ಟಿಗೆ ಬಳಿಯುವ ರೂಢಿ ಇದೆ. ಇದನ್ನು ಅದಕ್ಕೂ ಬಳಸಬೇಡಿ, ಪೆಟ್ರೋಲ್ ಇರುವುದರಿಂದ ಬೇಗ ಬೆಂಕಿ ಹಿಡಿಯುತ್ತದೆ. ಇಂಜಿನ್ ತಣ್ಣಗಾದ ಮೇಲೆ, ಬೀಡಿ ಸೇದೋರನ್ನು ದೂರ ಕಳಿಸಿ, ಮುಚ್ಚಳ ಇರುವ ಡಬ್ಬಕ್ಕೆ ಇಳಿಸಿ. ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಅದನ್ನು ಕೊಟ್ಟು ಬನ್ನಿ. ಅದೇ ದಿನ ಏರ್ ಫಿಲ್ಟರ್ ಮುಚ್ಚಳವನ್ನೂ ತೆಗೆದು ಬೆರಳಾಡಿಸಿ ನೋಡಿ. ನನ್ನದರಲ್ಲಿ ಈಗ ಸಿಗೋದು ಒಣ ಕೆಂಪು ಪುಡಿ, ತಟ್ಟಿದರೆ ಉದುರುತ್ತದೆ.